ಎಕ್ಸ್ ಸೊನ್ನೆಯೋ, ವೈ ಸೊನ್ನೆಯೋ: ಕೋಡಮ್ಮ ತಾಯಿ ಕೊಟ್ಟ ಉತ್ತರ

ಕೋಡಮ್ಮನ ಒಕ್ಕಲಿನ ಎಲ್ಲರಿಗೂ ನುಗ್ಗೇಹಳ್ಳಿ ಕಡೆಯ ಭಾಗ್ಯಳ ನಮಸ್ಕಾರ. ಹೋದ ವರ್ಷ ನಮ್ಮೂರ ಅಂಗನವಾಡಿಯ ಆಯಾ ಕೆಲಸ ಖಾಲಿಯಾಯಿತು. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನನಗೆ ಗಣಿತವೊಂದೇ ಬಾಕಿ; ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದೆ. ಗಂಡ ತೀರಿಕೊಂಡ ಮೇಲೆ ಅತ್ತೆಯ ಮನೆಯಲ್ಲಿ ತುತ್ತು ತುತ್ತಿಗೂ ಮಾತು ಕೇಳುತ್ತಿದ್ದ ನನಗೆ ಆ ಕೆಲಸ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

"ಮುದ್ದೆ ತಿರುವೋ ಕೈಗೆ ಸ್ಕೇಲು ಬೇರೆ ಕೇಡು" ಎನ್ನುತ್ತಿದ್ದರು ಅತ್ತೆ. ಪರೀಕ್ಷೆಗೆ ಎರಡು ದಿನ ಇರುವಾಗ ನನ್ನ ಗಣಿತದ ಪುಸ್ತಕವನ್ನು ನೀರೊಲೆಗೆ ಹಾಕಿದರು. "ಸೌದೆ ಅಸಿ ಇದ್ವು ಕಣೆ" ಎಂದು ನಕ್ಕರು.

ಸರಳರೇಖೆಯ ನಕ್ಷೆಗೆ ನಾಲ್ಕು ಅಂಕ. ರೇಖೆ ಎಕ್ಸ್ ಅಕ್ಷವನ್ನು ಮುಟ್ಟುವ ಜಾಗ ಬೇಕಾದರೆ ಎಕ್ಸ್ ಸೊನ್ನೆ ಮಾಡಬೇಕೋ, ವೈ ಸೊನ್ನೆ ಮಾಡಬೇಕೋ, ಅದೊಂದು ನನಗೆ ಯಾವಾಗಲೂ ಅದಲುಬದಲು. ನೋಡಿಕೊಳ್ಳೋಣವೆಂದರೆ ಪುಸ್ತಕ ಬೂದಿಯಾಗಿತ್ತು. ಕೆರೆಕೋಡಿಯ ಕೋಡಮ್ಮನ ಗುಡಿಗೆ ಓಡಿದೆ. "ತಾಯಿ, ಎಕ್ಸ್ ಸೊನ್ನೆ ಸರಿಯಾದರೆ ಬಲಗಡೆ ಹೂ ಕೊಡು, ತಪ್ಪಾದರೆ ಎಡಗಡೆ ಕೊಡು" ಎಂದು ಮನಸ್ಸಿನಲ್ಲೇ ಬೇಡಿದೆ. ನಮ್ಮ ಮನೆಯಲ್ಲಿ ಹೂ ಕೇಳುವ ಹಕ್ಕು ಅತ್ತೆಯದು, ನಾನು ಹಿಂದೆ ತಟ್ಟೆ ಹಿಡಿದು ನಿಲ್ಲುವವಳು; ಅವತ್ತೇ ಮೊದಲು ಕೇಳಿದ್ದು. ನನ್ನ ಬಲಗೈ ಕಡೆಗೆ ಕಣಗಿಲೆ ಹೂ ಉದುರಿತು. ಸಂತೋಷಕ್ಕೆ ಅತ್ತುಬಿಟ್ಟೆ.

ಚನ್ನರಾಯಪಟ್ಟಣದಲ್ಲಿ ಪರೀಕ್ಷೆ. 3x + 2y = 12 ಬಂತು. ಎಕ್ಸ್ ಸೊನ್ನೆ ಮಾಡಿ, ಬಂದ ಆರನ್ನು ಎಕ್ಸ್ ಅಕ್ಷದ ಮೇಲೆ ಗುರುತಿಸಿ ಬಂದೆ. ಮೂರು ಅಂಕದಲ್ಲಿ ಫೇಲಾದೆ. "ನಮ್ಮ ಪಂಡಿತೆ ಮೂರ್ನೇ ಸಲಾನೂ ಡುಮ್ಕಿ ಒಡುದ್ಲು" ಎಂದು ಅತ್ತೆ ಹಾಲಿನ ಡೈರಿಯ ಮುಂದೆ ಸಾರಿದರು.

ಗುಡಿಗೆ ಹೋಗಿ ತಾಯಿಯನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಕತೆ ಕೇಳಿ ಪೂಜಾರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ದಡ್ಡಿ, ಬಲಗಡೆ ಅಂದ್ರೆ ನಿಂದಲ್ಲ ಕಣವ್ವ, ತಾಯಿದು! ಅವ್ಳು ನಿನ್ ಕಡೆ ಮುಖ ಮಾಡ್ಕೊಂಡು ಕೂತವ್ಳೆ, ನಿನ್ ಬಲ ಅವ್ಳಿಗೆ ಎಡ. ಎಕ್ಸ್ ಸೊನ್ನೆ ಬ್ಯಾಡ ಅಂತ್ಲೇ ಏಳವ್ಳೆ."

ಅಲ್ಲಿದ್ದ ಹೆಂಗಸರೂ ನಕ್ಕರು. ನಾಚಿಕೆಯಿಂದ ಕುಗ್ಗಿಹೋದೆ. ಆದರೂ ತಾಯಿ ನನಗೆ ಸುಳ್ಳು ಹೇಳಿರಲಿಲ್ಲವಲ್ಲ ಎಂದು ಎದೆ ಹಗುರಾಯಿತು.

ಅಷ್ಟರಲ್ಲಿ ಆಯಾ ಕೆಲಸದ ಅರ್ಜಿಯ ಕೊನೇ ದಿನ ಮುಂದೆ ಹೋಯಿತು. ತಾಯಿಯಲ್ಲದೆ ಇನ್ಯಾರು ಮಾಡಿಸಿಯಾರು? ಮರುಪರೀಕ್ಷೆಗೆ ಅಂಗಳದಲ್ಲಿ ಇದ್ದಿಲಿನಿಂದ ಅಕ್ಷ ಎಳೆದು ಕಲಿತೆ. ಎಕ್ಸ್ ಅಕ್ಷವೆಂದರೆ ನೆಲ. ನೆಲದ ಮೇಲಿನ ಬಿಂದುವಿಗೆ ಎತ್ತರವೇ ಇಲ್ಲ, ಆದ್ದರಿಂದ ವೈ ಸೊನ್ನೆ; ನಾನು ತಪ್ಪು ಮಾಡಿದ್ದ ಲೆಕ್ಕದಲ್ಲಿ ಎಕ್ಸ್ ನಾಲ್ಕು. ಅತ್ತೆ ಅದರ ಮೇಲೆ ಸಗಣಿನೀರು ಚೆಲ್ಲಿದರು. ನಾನು ಪಕ್ಕದಲ್ಲಿ ಮತ್ತೆ ಎಳೆದೆ.

ಪಾಸಾದೆ. ಹಾಸನದಿಂದ ಆದೇಶ ಬಂದ ದಿನ ಅತ್ತೆಯ ಕಾಲಿಗೆ ಬಿದ್ದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, "ಮಕ್ಳ ಉಚ್ಚೆ ಬಳಿಯಾಕೆ ಇಷ್ಟೆಲ್ಲಾ ಓದ್ಬೇಕಿತ್ತೇನೆ?" ಎಂದರು.

ಭಕ್ತರೇ, ಧೈರ್ಯವಾಗಿ ಕೇಳಿ, ಕೋಡಮ್ಮ ಉತ್ತರ ಕೊಟ್ಟೇ ಕೊಡುತ್ತಾಳೆ. ಅತ್ತೆಯ ಮನಸ್ಸು ಬದಲಾಯಿಸು ಎಂದು ಕೂಡ ಬೇಡಿಕೋ ಎಂದು ಪೂಜಾರಪ್ಪ ಹೇಳಿದರು. ಅದನ್ನು ಮಾತ್ರ ನಾನು ಕೇಳಲಿಲ್ಲ. ಇಷ್ಟು ಮಾಡಿಕೊಟ್ಟ ತಾಯಿಗೆ ಅಷ್ಟು ದೊಡ್ಡ ಕಷ್ಟ ಕೊಡಲು ನನಗೆ ಮನಸ್ಸು ಬರಲಿಲ್ಲ.