ಖಾಲಿ ಹೊಟ್ಟೆಯಲ್ಲಿ ಬನ್ನಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದೊಡ್ಡಮ್ಮ ನನ್ನ ಮುಖ ನೋಡಿ, "ನೀನ್ಯಾರವ್ವಾ?" ಎಂದು ಕೇಳಿದಳು. ಸಮುದಾಯ ಭವನದ ಗಡಿಯಾರ ಅವಳ ತಲೆಯ ಹಿಂದೆಯೇ ಇತ್ತು. ಅದರ ಮುಳ್ಳುಗಳು ಇವತ್ತಿಗೂ ನನ್ನ ಕಣ್ಣ ಮುಂದೆ ಹಾಗೇ ನಿಂತಿವೆ.

ತಮಾಷೆ ಎಂದುಕೊಂಡೆ. ತಾಯಿಯಿಲ್ಲದ ನನ್ನನ್ನು ಸಾಕಿ ಡಿಗ್ರಿ ಓದಿಸಿದವಳು ಅವಳು. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಪಕ್ಕದ ಕುರ್ಚಿಯ ಮೇಸ್ತ್ರಿ ಅಜ್ಜನನ್ನು ರೇಗಿಸುತ್ತಿದ್ದಳು. ಆತ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆ ನೋಡಿಕೊಂಡು ನಿವೃತ್ತನಾದವನು.

"ಇನ್ನೆಷ್ಟೊತ್ತು ಮಾರಾಯ? ಇವ್ರು ದೀಪ ಹಚ್ಚೋದ್ರೊಳ್ಗೆ ನಮ್ ದೀಪ ಆರೋಯ್ತದೆ."

"ನಿಂದು ಆರಲ್ಲ ಬುಡವ್ವ. ಆ ಬಾಯಿ ಇರೋಗಂಟ ಯಮನೂ ಹತ್ರ ಬರಾಕಿಲ್ಲ."

ಹಿಂದಿನ ದಿನ ಆಟೋಗೆ ಮೈಕ್ ಕಟ್ಟಿಕೊಂಡು ನಮ್ಮೂರು ಹೆಗ್ಗದ್ದೆಯ ತನಕ ಬಂದು ಕೂಗಿದ್ದರು. ಹಿರಿಯರಿಗೆ ಉಚಿತ ತಪಾಸಣೆ, ರಕ್ತ ಪರೀಕ್ಷೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ದಿನಾ ತೆಗೆದುಕೊಳ್ಳುವ ಮದ್ದನ್ನು ಏನು ಮಾಡಬೇಕೆಂದು ಕೂಗಲಿಲ್ಲ. ನಮ್ಮ ಕಡೆಯ ಮುದುಕರು ಬಿಳಿ ಕೋಟಿನವರ ಮಾತು ಮೀರುವವರಲ್ಲ. ಇನ್ಸುಲಿನ್ ಒಂದು ದಿನವೂ ತಪ್ಪಿಸಬೇಡಿ ಎಂದು ಒಬ್ಬರು ಹೇಳಿದ್ದರು, ಏನೂ ತಿನ್ನಬೇಡಿ ಎಂದು ಈಗ ಇವರು ಹೇಳಿದರು. ದೊಡ್ಡಮ್ಮ ಎರಡನ್ನೂ ಪಾಲಿಸಿದಳು. ನಾನು ಕೊಟ್ಟಿಗೆಯಲ್ಲಿದ್ದಾಗ ಎಂದಿನಂತೆ ಸೂಜಿ ಚುಚ್ಚಿಕೊಂಡು, ಒಂದು ಲೋಟ ಕಾಫಿಯನ್ನೂ ಕುಡಿಯದೆ ಜೀಪು ಹತ್ತಿದ್ದಳು. ಇದು ನನಗೆ ಗೊತ್ತಾದದ್ದು ಆಮೇಲೆ. ಮೇಸ್ತ್ರಿ ಅಜ್ಜನೂ ಮಾತ್ರೆ ನುಂಗಿ ಹಸಿದೇ ಬಂದಿದ್ದ. ಆ ಭವನದಲ್ಲಿ ಹಾಗೆ ಬಂದವರು ಇನ್ನೆಷ್ಟು ಜನವೋ.

ಬಂದ ತಕ್ಷಣ ರಕ್ತ ತೆಗೆದು ಉಪ್ಪಿಟ್ಟು ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಉದ್ಘಾಟನೆಯಾಗದೆ ಯಾರ ಬೆರಳಿಗೂ ಸೂಜಿ ತಾಕುವಂತಿರಲಿಲ್ಲ. ಡಾಕ್ಟರು ಅತಿಥಿಗಳ ಕಾರಿನಲ್ಲೇ ಬರುವವರಿದ್ದರು. "ವನಗೂರು ರಸ್ತೇಲಿ ಆನೆ ನಿಂತಿದೆಯಂತೆ, ದಯವಿಟ್ಟು ಸಹಕರಿಸಬೇಕು" ಎಂದು ಮೈಕಿನವನು ಹೇಳುತ್ತಲೇ ಇದ್ದ. ಆನೆ ಎಂದರೆ ನಮ್ಮಲ್ಲಿ ಯಾರೂ ಮರುಮಾತಾಡುವುದಿಲ್ಲ. ಎಲ್ಲರೂ ತಲೆಯಾಡಿಸಿ ಕೂತರು.

ನೀನ್ಯಾರು ಎಂದು ಕೇಳಿದ ದೊಡ್ಡಮ್ಮನ ಕೈ ಮುಟ್ಟಿದೆ. ಕಾಫಿ ಕೊಯ್ಲಿನ ಕಾಲದ ಆ ಚಳಿಯಲ್ಲಿ ರವಿಕೆ ಬೆವರಿನಿಂದ ತೊಯ್ದಿತ್ತು. ಹೀಗೆ ಬೆವರಿ ಏನೇನೋ ಮಾತಾಡಿದರೆ ಶುಗರ್ ಇಳಿದಿದೆ ಎಂದು ತಿಳಿಯಿರಿ, ಕೂಡಲೇ ಸಕ್ಕರೆ ಕೊಡಿ ಎಂದು ಹಿಂದೊಮ್ಮೆ ಸಕಲೇಶಪುರದ ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಅವಳು ಕುರ್ಚಿಯಿಂದ ಜಾರಿದಳು. ವೇದಿಕೆಯ ಮೇಜಿನ ಮೇಲೆ ಅತಿಥಿಗಳಿಗೆಂದು ಜೋಡಿಸಿಟ್ಟ ಮೈಸೂರುಪಾಕಿನ ಡಬ್ಬಗಳು ಕಂಡವು. ಓಡಿಹೋಗಿ ಒಂದನ್ನು ಕಿತ್ತುಕೊಂಡೆ.

"ಏ, ಅದು ಗೆಸ್ಟಿಗೆ ಕಣ್ರೀ!"

ಹಾಗೆ ಕೂಗಿದ ಮೈಕಿನವನನ್ನು ದಾಟಿ ಬಂದರೆ ಜನ ಅಡ್ಡ ನಿಂತರು. ಕೆಟ್ಟವರಲ್ಲ, ಎಲ್ಲ ಗುರುತಿನವರೇ. "ಶುಗರ್ ಐತೆ ಕಣವ್ವ ಅವ್ಳಿಗೆ! ಸಿಹಿ ತಿನ್ಸಿ ಸಾಯ್ಸ್‌ಬುಡ್ತೀಯ!" ಎಂದು ಒಬ್ಬಾಕೆ ಡಬ್ಬ ಕಿತ್ತುಕೊಂಡಳು. ಯಾರೋ ನನ್ನ ಮಣಿಕಟ್ಟು ಹಿಡಿದರು. ದೊಡ್ಡಮ್ಮನನ್ನು ಉಳಿಸುವುದಕ್ಕೆಂದೇ ಅವರು ನನ್ನನ್ನು ಹಿಡಿದದ್ದು. ಅವಳ ಕಣ್ಣುಗುಡ್ಡೆ ಮೇಲಕ್ಕೆ ಸರಿಯುತ್ತಿತ್ತು. ನಾನು ಕಚ್ಚಿದೆ. ಹೌದು, ಹಲ್ಲಿನಿಂದಲೇ ಕಚ್ಚಿ ಕೈ ಬಿಡಿಸಿಕೊಂಡೆ. ಹಿಂದಿನ ಅಡುಗೆಮನೆಗೆ ನುಗ್ಗಿ ಟೀಗೆ ಇಟ್ಟಿದ್ದ ಸಕ್ಕರೆಯನ್ನು ಹಿಡಿ ತುಂಬ ತಂದು, ಒದ್ದೆ ಮಾಡಿ ಅವಳ ಒಸಡಿಗೆ ತಿಕ್ಕಿದೆ. ನಾವು ಬಂದಿದ್ದ ಜೀಪಿನಲ್ಲೇ ಹಾಕಿಕೊಂಡು ಸಕಲೇಶಪುರಕ್ಕೆ ಹೊರಟೆವು. ಒಂದೊಂದು ತಿರುವಿನಲ್ಲೂ ಅವಳ ತಲೆ ನನ್ನ ತೊಡೆಯ ಮೇಲೆ ಹೆಣದ ತಲೆಯಂತೆ ಹೊರಳುತ್ತಿತ್ತು. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದೆ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹನಿ ಇಳಿದ ಮೇಲೆ ಕಣ್ಣು ಬಿಟ್ಟಳು. "ರಕ್ತ ತಗೊಂಡ್ರೇನೇ? ಈಗ ತಿನ್ಬೌದಾ?" ಎಂದಳು. ನಾನು ನಗಲಿಲ್ಲ.

ಅತ್ತ ಅತಿಥಿಗಳು ಬಂದರಂತೆ, ದೀಪ ಹಚ್ಚಿದರಂತೆ. ಶಿಬಿರ ಯಶಸ್ವಿ ಎಂದು ಪತ್ರಿಕೆಯಲ್ಲಿ ಫೋಟೋ ಬಂತು. ಆ ದಿನ ರಸ್ತೆಯಲ್ಲಿ ಆನೆ ಇರಲೇ ಇಲ್ಲ. ಅತಿಥಿಗಳು ಒಂದು ಎಸ್ಟೇಟ್ ಬಂಗಲೆಯಲ್ಲಿ ಕೂತು ಕಡುಬು ತಿನ್ನುತ್ತಿದ್ದರೆಂದು ಅಲ್ಲಿ ಲೆಕ್ಕ ಬರೆಯುವ ರೈಟರೇ ನಗುತ್ತಾ ಹೇಳಿದ. ನೂರು ಹಸಿದ ಮುದುಕರನ್ನು ಕೂರಿಸಿ ಅವರು ತಿನ್ನುತ್ತಿದ್ದರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗಿನ್ನೂ ಅರ್ಥವಾಗಿಲ್ಲ.

ಎರಡು ಹೊತ್ತಿನ ಸೂಜಿಯ ಅಳತೆಯನ್ನು ಆಸ್ಪತ್ರೆಯವರು ಬದಲಿಸಿರಲಿಲ್ಲ. ಅಂದಿನಿಂದ ನಮ್ಮಿಬ್ಬರಿಗೂ ನಿದ್ದೆ ಹೋಯಿತು. ನಾನು ಗಳಿಗೆಗೊಮ್ಮೆ ಅವಳ ಕತ್ತು ಮುಟ್ಟಿ ಬೆವರಿದೆಯೇ ಎಂದು ನೋಡುವುದು, ಅವಳು "ಸತ್ತಿಲ್ಲ ಕಣೇ, ಬಿದ್ಕೋ" ಎನ್ನುವುದು. ಹಾಗೆ ಬೈಯುವವಳೂ ಎಚ್ಚರವಾಗಿಯೇ ಇರುತ್ತಿದ್ದಳು.

ಗ್ರಾಮಸಭೆಯಲ್ಲಿ ಎದ್ದು ನಿಂತೆ. ನಮಗೆ ಶಿಬಿರ ಬೇಡ, ಶುಗರ್ ನೋಡುವ ಮಿಷನ್ನು ವಾರಕ್ಕೊಮ್ಮೆ ಊರಿಗೆ ಬಂದರೆ ಸಾಕು ಎಂದೆ. ಬೆಳಿಗ್ಗೆ ಹಾಲು ಹಾಕಲು ಮುದುಕರೆಲ್ಲ ಡೇರಿಗೆ ಬಂದೇ ಬರುತ್ತಾರೆ, ಅಲ್ಲೇ ನೋಡಿ ಎಂದೆ.

"ಓದಿದೋಳು ನೀನು. ಫ್ರೀಯಾಗಿ ಮಾಡಿದ್ರೂ ತಪ್ಪು ಹುಡುಕ್ತೀಯಲ್ಲಮ್ಮ" ಎಂದರು ಒಬ್ಬ ಸದಸ್ಯರು.

ಮೇಸ್ತ್ರಿ ಅಜ್ಜ ಕೂತಲ್ಲಿಂದಲೇ, "ಫ್ರೀಯಾಗಿ ಸಾಯ್ತಿದ್ವಲ್ಲ ಸ್ವಾಮಿ, ಅದ್ಕೆ" ಎಂದ. ಜನ ನಕ್ಕರು. ಆ ನಗುವಿಗೆ ಹೆದರಿಯೇ ಇರಬೇಕು, ಸದಸ್ಯರು ಆಯಿತು ಎಂದರು.

ಆಯಿತು ಎಂದ ಮೇಲೂ ಮಿಷನ್ ಬರಲು ಕೊಯ್ಲು ಮುಗಿದು ಕಾಫಿ ಹೂವಾಗಬೇಕಾಯಿತು. ಒಂದು ಗುರುವಾರ ಆರೋಗ್ಯ ಉಪಕೇಂದ್ರದ ಸಿಸ್ಟರ್ ಡೇರಿಯ ಜಗಲಿಯಲ್ಲಿ ಕೂತು ದೊಡ್ಡಮ್ಮನ ಬೆರಳು ಚುಚ್ಚಿದರು. ಶುಗರ್ ಆಗಲೂ ಕಡಿಮೆಯೇ ಇತ್ತು, ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಸಂಜೆಯ ಸೂಜಿ ನಿಲ್ಲಿಸಿ, ಬೆಳಗಿನದನ್ನು ಅರ್ಧ ಮಾಡಿ, ತಟ್ಟೆ ಮುಂದೆ ಇಟ್ಟುಕೊಂಡ ಮೇಲೆಯೇ ಚುಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಇಷ್ಟೇ ಮಾತು. ಇದಕ್ಕೆ ವೇದಿಕೆ ಬೇಕಿರಲಿಲ್ಲ, ಒಬ್ಬಳು ಸಾವಿನ ಅಂಚಿನ ತನಕ ಹೋಗಬೇಕಾಗಿಯೂ ಇರಲಿಲ್ಲ.

ಮುಂದಿನ ಗುರುವಾರ ಮತ್ತೆ ನೋಡಿ, "ಸರಿಯಾಗಿದೆ ಅಜ್ಜಿ, ಇನ್ನು ಹೆದರಬೇಡಿ" ಎಂದರು ಸಿಸ್ಟರ್. ಅಂದು ರಾತ್ರಿ ತೋಟಕ್ಕೆ ನೀರು ಹಾರಿಸುವ ಎಂಜಿನ್ ಮನೆಯ ಪಕ್ಕದಲ್ಲೇ ಬೆಳಗಿನ ತನಕ ಓಡಿತಂತೆ. ನಮಗಿಬ್ಬರಿಗೂ ಕೇಳಿಸಲಿಲ್ಲ.