ತಿಂಗಳಿಗೊಮ್ಮೆ ತವರಿಗೆ ಬರುತ್ತಿದ್ದ ಸ್ಟಿಕ್ಕು

ಕಟ್ ಕಟ್ ಕಟ್. ಸ್ಟೀಲಿನ ಡಬ್ಬಿಯೊಳಗೆ ಏನೋ ಉರುಳಾಡುವ ಸದ್ದು ಓಣಿಯಲ್ಲಿ ಕೇಳಿದರೆ ಅಕ್ಕ ಬಂದಳೆಂದೇ ಅರ್ಥ. ಡಬ್ಬಿಯಲ್ಲಿ ಉಂಡೆ, ಚಕ್ಕುಲಿ ಇರುತ್ತಿರಲಿಲ್ಲ. ಟಿವಿಯ ಹಿಂದೆ ಸಿಕ್ಕಿಸುವ ಬೆರಳುದ್ದದ ಕಪ್ಪು ಸ್ಟಿಕ್ಕು ಇರುತ್ತಿತ್ತು. ಗದ್ವಾಲದಿಂದ ಮಕ್ತಲ್‌ಗೆ ಒಂದು ಬಸ್ಸು, ಅಲ್ಲಿಂದ ನಾರಾಯಣಪೇಟೆಗೆ ಇನ್ನೊಂದು. ಅಷ್ಟು ದೂರವೂ ಅದು ಅವಳ ಮಡಿಲಲ್ಲೇ ಬರುತ್ತಿತ್ತು.

ಮನೆಯಲ್ಲೇ ಸಿನಿಮಾ, ಧಾರಾವಾಹಿ ನೋಡುವ ಅಕೌಂಟು ನಾರಾಯಣಪೇಟೆಯ ನಮ್ಮ ತವರಿನದು, ಅಲ್ಲಿ ನನ್ನ ಜೊತೆಗಿದ್ದ ತಮ್ಮನ ಸೊಸೆಯ ಹೆಸರಿನಲ್ಲಿತ್ತು. ಗದ್ವಾಲದಲ್ಲಿ ಅಕ್ಕನ ಟಿವಿಯೂ ಅದರ ಮೇಲೆಯೇ ನಡೆಯುತ್ತಿತ್ತು. ಒಂದು ದಿನ ಕಂಪನಿಯವರು ರೂಲು ತಂದರು: ಒಂದು ಅಕೌಂಟು ಒಂದೇ ಹೌಸ್‌ಹೋಲ್ಡಿಗೆ. ಪುಟದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಹಾಗಾಗಿ ಟರ್ಮ್ಸ್ ಅಂಡ್ ಕಂಡಿಷನ್ಸ್ ಪೂರ್ತಿ ಓದಿದವಳು ಇಡೀ ತೆಲಂಗಾಣದಲ್ಲಿ ನಾನೊಬ್ಬಳೇ ಇರಬೇಕು. ಹೌಸ್‌ಹೋಲ್ಡ್ ಎಂದರೆ ಒಂದೇ ಸೂರಿನಡಿ ಇರುವವರಂತೆ. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಒಂದ ಹೊಟ್ಟ್ಯಾಗ ಹುಟ್ಟೀವಿ, ಸಾಲಂಗಿಲ್ಲಂತೇನು ಅವರಿಗೆ?" ಎಂದು ಸಿಡಿದಳು. "ರಾಜ್ಯ ಬಂತು, ಪಾಲಮೂರು ಜಿಲ್ಲಾ ಒಡದ್ರು. ನಾ ಒಂದು ಜಿಲ್ಲಾ, ನೀ ಒಂದು ಜಿಲ್ಲಾ ಆದ್ವಿ. ಈಗ ಟಿವಿನೂ ಪಾಲು ಮಾಡ್ತಾರ?"

ದಾರಿ ತೋರಿಸಿದ್ದು ಸೊಸೆ. "ಸ್ಟಿಕ್ಕು ತಿಂಗಳಿಗೊಮ್ಮೆ ನಮ್ಮ ವೈಫೈ ಹಿಡಿದ್ರ ಸಾಕ್ರಿ ಅತ್ತಿ, ಮನಿಯವರ ಅಂತ ತಿಳ್ಕೋತೈತಿ."

ಹೀಗೆ ಸ್ಟಿಕ್ಕು ತಿಂಗಳಿಗೊಮ್ಮೆ ತವರಿಗೆ ಬರತೊಡಗಿತು. ನಮ್ಮ ಟಿವಿಗೆ ಸಿಕ್ಕಿಸಿ ವೈಫೈ ಹಿಡಿಸುವುದು ನನ್ನ ಕೆಲಸ. ವಾಪಸ್ ಒಯ್ಯುವಾಗ ಅಕ್ಕ ಅದಕ್ಕೆ ಕುಂಕುಮ ಮುಟ್ಟಿಸಿ, ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು, ಒಂದು ಅಡಿಕೆ ಹಾಕಿ ಉಡಿ ತುಂಬುತ್ತಿದ್ದಳು. ಟೋಟಲಿ ಸಿಲ್ಲಿ! ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದೆವು. ರೂಲಿಗೆ ಇದು ಸ್ಟ್ರಿಕ್ಟ್ಲಿ ಸರಿಯಲ್ಲವೆಂದು ನನಗೆ ಗೊತ್ತಿತ್ತು. ಸಿಸ್ಟರುಗಳು ಕಂಡಿದ್ದರೆ ಮಂಡಿಯೂರಿಸುತ್ತಿದ್ದರು.

ಆಗ ನಾವು ನೋಡುತ್ತಿದ್ದದ್ದು ಒಂದು ಹಳೆಯ ಧಾರಾವಾಹಿ. ಅಣ್ಣತಮ್ಮಂದಿರಿಬ್ಬರು ಒಂದೇ ಬಾವಿಯ ನೀರು ಕುಡಿಯುತ್ತಾ ಮೂವತ್ತು ವರ್ಷ ಮಾತು ಬಿಟ್ಟವರು. ಅವರು ಮಾತಾಡುತ್ತಾರೋ ಇಲ್ಲವೋ ತಿಳಿಯದೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಇನ್ನು ಮೂರು ಕಂತು ಉಳಿದಿರುವಾಗ ಪರದೆಯ ಮೇಲೆ ನೋಟೀಸು ಬಂತು: ಲೈಸೆನ್ಸ್ ಮುಗಿಯುತ್ತದೆ, ಈ ಧಾರಾವಾಹಿ ನಾಳೆಯೇ ಕೊನೆ.

ಮರುದಿನ ಬೆಳಿಗ್ಗೆಯೇ ಕಟ್ ಕಟ್ ಕಟ್. ಆ ತಿಂಗಳ ವೈಫೈ ಇನ್ನೂ ಹಿಡಿಸಿರಲಿಲ್ಲ, ಅವಳ ಟಿವಿ ನಿಂತಿತ್ತು. ಸ್ಟಿಕ್ಕಿಗೆ ವೈಫೈ ಹಿಡಿಸಿಕೊಂಡು ಹೋಗಿ, ಸಂಜೆ ತನ್ನ ಮನೆಯಲ್ಲಿ ಕಾಲು ಚಾಚಿ ಮೂರೂ ಕಂತು ಮುಗಿಸುವುದು ಅವಳ ಪ್ಲಾನು. ಸ್ಟಿಕ್ಕು ನಮ್ಮ ಟಿವಿಗೆ ಸಿಕ್ಕಿಸಿಟ್ಟು ನಾನು ಚಹಾ ಸೋಸುತ್ತಿದ್ದೆ. ಪರದೆ ಕೇಳಿತಂತೆ: ಇದು ನಿಮ್ಮ ಮನೆಯೇ? ಅಕ್ಕ ರಿಮೋಟು ಎತ್ತಿ 'ನೋ' ಒತ್ತಿದಳು. ಸ್ಟಿಕ್ಕು ಲಾಕ್!

"ಅಯ್ಯೋ ಅಕ್ಕಾ, ನೋ ಯಾಕ ಒತ್ತಿದಿ?"

"ಮತ್ತೇನ್ ಒತ್ತಲಿ? ಇದು ತವರಮನಿ. ನನ್ನ ಮನಿ ಗದ್ವಾಲದಾಗ ಐತಿ. ಲಗ್ನಾಗಿ ಐವತ್ತು ವರ್ಷ ಆತು, ಇನ್ನೂ ಇದ ನನ್ನ ಮನಿ ಅಂದ್ರ ನಿಮ್ಮ ಭಾವ ಏನಂತಾರ?"

ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಸೊಸೆಗೆ ಫೋನು ಹೋಯಿತು. ಅವಳು ನಕ್ಕೂ ನಕ್ಕೂ, "ಇಷ್ಟು ಖರೇ ಹೇಳೋರು ಆ ಕಂಪನಿಗೆ ಎಲ್ಲೂ ಸಿಕ್ಕಿರಲಿಕ್ಕಿಲ್ರಿ ಅತ್ತಿ" ಎಂದಳು.

ಲಾಕು ತೆಗೆಯಲು ಅವಳು ಸಂಜೆ ಬರಬೇಕು, ಇನ್ನು ಅಕ್ಕನ ಮನೆಯ ಟಿವಿಯಲ್ಲಿ ನೋಡುವ ಮಾತಿಲ್ಲ. ಸ್ಟಿಕ್ಕು ಕಿತ್ತಿಟ್ಟು ನಮ್ಮ ಟಿವಿಗೇ ಮುಗಿಬಿದ್ದೆವು. ಅನ್ನ ಇಡುವುದು ಮರೆತು, ಮಂಡಾಳು, ಅದೇ ಮಂಡಕ್ಕಿ, ಮುಕ್ಕುತ್ತಾ ಎರಡು ಕಂತು ಮುಗಿಸಿದೆವು. ಅಷ್ಟರಲ್ಲಿ ಬಸ್ಸಿನ ಹೊತ್ತು. ಭಾವನ ಕಣ್ಣಿನ ಆಪರೇಷನ್ ಆಗಿತ್ತು. ಸಂಜೆಯ ಡ್ರಾಪ್ಸ್ ಅಕ್ಕನೇ ಹಾಕಬೇಕು, ಉಳಿಯುವಂತಿಲ್ಲ. ಮೂರನೆಯ ಕಂತನ್ನು ನನ್ನ ಫೋನಿಗೆ ಡೌನ್‌ಲೋಡ್ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆವು. ಸಿಮೆಂಟ್ ಬೆಂಚಿನ ಮೇಲೆ ಇಯರ್‌ಫೋನಿನ ಒಂದು ಕಿವಿ ಅವಳದು, ಒಂದು ಕಿವಿ ನನ್ನದು. ಇನ್ನು ಎಂಟು ನಿಮಿಷ. ಅಣ್ಣ ಬಾವಿಯ ಈ ಕಡೆ, ತಮ್ಮ ಆ ಕಡೆ. ಮಕ್ತಲ್ ಬಸ್ಸು ಬಂದೇಬಿಟ್ಟಿತು.

"ತಗೊಂಡ ಹೋಗು!" ಎಂದು ಫೋನನ್ನು ಅವಳ ಕೈಗೆ ತುರುಕಿದೆ.

ಮರುದಿನ ಈ ಕಡೆ ಬರುವವರೊಬ್ಬರ ಕೈಯಲ್ಲಿ ಫೋನು ವಾಪಸ್ ಬಂತು. ಅಷ್ಟರಲ್ಲಿ ಡೌನ್‌ಲೋಡ್ ಮಾಡಿದ್ದೂ ಮಾಯವಾಗಿತ್ತು. ಅಕ್ಕನಿಗೆ ಫೋನು ಮಾಡಿದೆ: "ಮಾತಾಡಿದ್ರೇನ?"

"ಹೇಳಂಗಿಲ್ಲ. ಮುಂದಿನ ತಿಂಗಳ ಬಂದು ಇಬ್ಬರ ಪಾರ್ಟೂ ನಾನ ಮಾಡಿ ತೋರಸ್ತೀನಿ. ಅಲ್ಲೀತನಕ ಒದ್ದಾಡು!"

ಮುಂದಿನ ತಿಂಗಳು ಹುಟ್ಟುವ ಮೊದಲೇ ಅವಳು ಹೊರಟುಹೋದಳು, ಒಂದೇ ದಿನದ ಎದೆನೋವಿನಲ್ಲಿ. ಆ ಎಂಟು ನಿಮಿಷ ನಾನಿನ್ನೂ ನೋಡಿಲ್ಲ.

ಬದುಕಿದ್ದ ಅಕ್ಕನನ್ನು ನಾನು ಕೊನೆಯ ಸಲ ಕಂಡದ್ದು ಆ ಬಸ್ಸಿನ ಕಿಟಕಿಯಲ್ಲಿ. ಕೆಳಗೆ ನಿಂತು ಹುಚ್ಚಿಯ ಹಾಗೆ ಕೈ ಬೀಸುತ್ತಿದ್ದೆ. ಅವಳು ತಿರುಗಿಯೂ ನೋಡಲಿಲ್ಲ. ಫೋನನ್ನು ಮೂಗಿಗೆ ತಾಗಿಸಿ ಹಿಡಿದಿದ್ದಳು, ಬಾಯಿ ಅರ್ಧ ತೆರೆದಿತ್ತು. ನನ್ನ ಕಿವಿಯಲ್ಲಿದ್ದ ಇಯರ್‌ಫೋನ್ ಆಗಲೇ ಪಕ್ಕದ ಸೀಟಿನ ಅಪರಿಚಿತ ಹೆಂಗಸಿನ ಕಿವಿಯಲ್ಲಿತ್ತು.