ಸಾಹೇಬರ ಗರಿಕೆ

ಪೆದ್ದೆಮುಲ್‌ನಿಂದ ಕಳೆ ಕೀಳಲು ಬಂದಿದ್ದ ಸಾಯವ್ವ, ತಾಂಡೂರಿನ ತಹಸೀಲ್ದಾರ್ ಸಾಹೇಬರ ಬಂಗಲೆ ಮುಂದಿನ ಹುಲ್ಲುಹಾಸನ್ನೆಲ್ಲ ಬೇರುಸಹಿತ ಕಿತ್ತು ಗುಡ್ಡೆ ಹಾಕಿದ್ದಳು. ನಡುನಡುವೆ ಹುಟ್ಟಿದ್ದ ರಾಜಗಿರಿ ಸೊಪ್ಪು ಮಾತ್ರ ಉಳಿದಿತ್ತು.

“ಗರಿಕಿ ಎಲ್ಲಾ ತೆಗದೀನ್ರಿ. ಪಲ್ಯಾ ಹಂಗೇ ಬಿಟ್ಟೀನಿ,” ಎಂದಳು ಬೆವರು ಒರೆಸಿಕೊಳ್ಳುತ್ತ.

ನಿಜಾಮರ ಕಾಲ. ಕಚೇರಿಯ ಗುಮಾಸ್ತನಾದ ನನಗೆ ಆ ಹುಲ್ಲಿನ ಉಸ್ತುವಾರಿಯೂ ಅಂಟಿಕೊಂಡಿತ್ತು. ಅಷ್ಟರಲ್ಲಿ ಸಾಹೇಬರು ಹೊರಬಂದು, ಇದೇನೆಂದು ಉರ್ದುವಿನಲ್ಲಿ ಕೇಳಿದರು. ನೌಕರಿ ಹೋಗುವ ಭಯಕ್ಕೆ, ಮಳೆಗಾಲದಲ್ಲಿ ಬೇರಿಗೆ ಗಾಳಿಯಾಡಿಸಿ ಮತ್ತೆ ನೆಡುವುದು ಹೈದರಾಬಾದಿನ ಹೊಸ ಪದ್ಧತಿ ಎಂದುಬಿಟ್ಟೆ. ಹೈದರಾಬಾದ್ ಎಂದೊಡನೆ ಸಾಹೇಬರು ತಲೆದೂಗಿದರು.

ಎರಡು ದಿನ ಆ ಸೆಕೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗುಡ್ಡೆಯನ್ನೆಲ್ಲ ಮತ್ತೆ ನೆಟ್ಟವನು ನಾನೇ. ಸಾಯವ್ವ ನೋಡಿ, “ನಮ್ಮ ಹೊಲದಾಗ ಭೀ ಭಾಳ ಅದರಿ, ತಂದು ಕೊಡ್ಲೇನು?” ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ ಎಂಬುದೇ ಇಂದಿಗೂ ನನ್ನನ್ನು ಚುಚ್ಚುತ್ತದೆ.